ಇಪ್ಪತ್ತು ನಮಾನ್

ಗ್ಲ್ಯಾಡಿಸ್ ಹತ್ತಿರ ಕೈಗಡಿಯಾರ ಇರಲಿಲ್ಲ.

ಡೆನಿಸ್ ಸತ್ತ ಒಂಬತ್ತನೆಯ ದಿನ, ಅವನು ಸತ್ತ ಮಂಚದ ಪಕ್ಕದಲ್ಲೇ ನಿಂತು ಸಬ್ ಇನ್‌ಸ್ಪೆಕ್ಟರ್ ಶೇಖರ ಇದನ್ನು ಗಮನಿಸಿದ. ಅವಳ ಎಡಗೈಯ ಮಣಿಕಟ್ಟಿನ ಸುತ್ತ ಬಿಸಿಲು ತಾಗದ ಬಿಳಿ ಪಟ್ಟಿಯೊಂದು ಉಳಿದಿತ್ತು. ಪಟ್ಟಿಯ ಮೇಲೆ ಏನೂ ಇರಲಿಲ್ಲ. ಒಂಬತ್ತು ದಿನಗಳಲ್ಲಿ ಅವನು ಮೂರು ಸಲ ಅವಳ ಹೇಳಿಕೆ ಬರೆದುಕೊಂಡಿದ್ದ. ಮೂರು ಸಲವೂ ಅವಳು ಐದು ನಿಮಿಷ ತೆಗೆದುಕೊಂಡೇ ಇಂಜೆಕ್ಷನ್ ಕೊಟ್ಟೆ ಎಂದಿದ್ದಳು. ಆ ಐದು ನಿಮಿಷವನ್ನು ಯಾವುದರಲ್ಲಿ ಅಳೆದಳೆಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಈಗ ಕೇಳಿದ.

ವಾಚನ್ನು ತಂಗಿಗೆ ಕೊಟ್ಟಿದ್ದೇನೆ ಎಂದಳು ಗ್ಲ್ಯಾಡಿಸ್. ತಂಗಿ ಝೀಟಾ ಮಂಗಳೂರಿನಲ್ಲಿ ನರ್ಸಿಂಗ್ ಮೊದಲ ವರ್ಷ. ವಾಚಿಲ್ಲದೆ ನಾಡಿ ಎಣಿಸಲು ಬಂದವಳನ್ನು ಟ್ಯೂಟರ್ ಎರಡು ಸಲ ಹೊರಗೆ ನಿಲ್ಲಿಸಿದ್ದರು. ಅಕ್ಕನ ಕೆಲಸ ಹೇಗೂ ಖಾಯಂ ಆಗಿತ್ತು, ಹಾಗಾಗಿ ವಾಚು ತಂಗಿಗೆ ಹೋಯಿತು.

ಶೇಖರ ಗೋಡೆಯತ್ತ ನೋಡಿದ. ಡಾಕ್ಟರ್ ಆಲ್ಫೋನ್ಸರ ನರ್ಸಿಂಗ್ ಹೋಮಿನಲ್ಲಿದ್ದದ್ದು ಅದೊಂದೇ ಗಡಿಯಾರ. ಕಾಪುವಿನ ಉಪ್ಪುಗಾಳಿಗೆ ಅದರ ಗಾಜು ಮಂಜಾಗಿತ್ತು. ಮುಳ್ಳು ಎರಡೇ. ಸೆಕೆಂಡಿನ ಮುಳ್ಳು ಯಾವ ಕಾಲದಲ್ಲೋ ಕಳಚಿ ಆರರ ಮೇಲೆ ಬಿದ್ದುಕೊಂಡಿತ್ತು.

“ಹಾಗಾದರೆ ಐದು ನಿಮಿಷ ಆಯ್ತು ಅಂತ ನಿಮಗೆ ಹೇಗೆ ಗೊತ್ತಾಗ್ತದೆ ಸಿಸ್ಟರ್?”

ಅವಳು ಡಾಕ್ಟರರ ಮುಖ ನೋಡಿದಳು. ಅವರು ತಲೆಯಾಡಿಸಿದರು.

“ನಮಾನ್ ಹೇಳ್ತೇನೆ.”

ಬಾಗಿಲ ಬಳಿಯಿದ್ದ ಕಾನ್‌ಸ್ಟೆಬಲ್ ಕಿಟ್ಟ ನಕ್ಕ. ಶೇಖರ ತಿರುಗಿ ನೋಡಿದಾಗ ಅದನ್ನು ಕೆಮ್ಮು ಮಾಡಿಕೊಂಡ.

‘ನಮಾನ್ ಮರಿಯೆ’ ಎಂದರೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ಹೊತ್ತು ಜಪಮಣಿ ಹಿಡಿದು ಹೇಳುವ ಪ್ರಾರ್ಥನೆ ಎಂಬುದಷ್ಟೇ ಅಲೆವೂರಿನ ತುಳುವ ಶೇಖರನಿಗೆ ಗೊತ್ತಿದ್ದದ್ದು. ಉಳಿದದ್ದನ್ನು ಡಾಕ್ಟರ್ ಆಲ್ಫೋನ್ಸ್ ಹೇಳಿದರು. ಒಬ್ಬರೇ ನಿಧಾನವಾಗಿ ಪೂರ್ತಿ ಹೇಳಿದರೆ ಒಂದು ನಮಾನಿಗೆ ಹದಿನೈದು ಸೆಕೆಂಡು. ಹೊಟ್ಟೆಯ ಆಮ್ಲ ಇಳಿಸುವ ಈ ರಾನಿಟಿಡಿನ್ ಇಂಜೆಕ್ಷನಿನಲ್ಲಿ ಮದ್ದು ಇರುವುದು ಎರಡೇ ಸಿ.ಸಿ. ಅದಕ್ಕೆ ಹದಿನೆಂಟು ಸಿ.ಸಿ. ಸಲೈನ್ ಬೆರೆಸಿ, ಇಪ್ಪತ್ತು ಸಿ.ಸಿ. ಮಾಡಿ, ರಕ್ತನಾಳಕ್ಕೆ ಐದು ನಿಮಿಷ ಹಿಡಿದು ಬಿಡಬೇಕು. ಒಂದು ಸಿ.ಸಿ.ಗೆ ಒಂದು ನಮಾನ್. ಇಪ್ಪತ್ತು ನಮಾನಿಗೆ ಐದು ನಿಮಿಷ. ಗಾಜಿನ ಸಿರಿಂಜಿನ ಮೇಲಿನ ಗೆರೆಗಳೇ ಅವಳ ಜಪಮಣಿ.

“ನಾನೇ ಒಪ್ಪಿದ್ದು,” ಎಂದರು ಆಲ್ಫೋನ್ಸ್. “ಆರು ತಿಂಗಳಲ್ಲಿ ನೂರು ಜನಕ್ಕಾದರೂ ಕೊಟ್ಟಿರಬಹುದು. ಒಬ್ಬರಿಗೂ ಎಂತದೂ ಆಗಿಲ್ಲ.”

ಮದ್ದಿನ ಕಪಾಟಿನ ಬಾಗಿಲಲ್ಲಿ ಅವರ ಕೈಬರಹದ ಚೀಟಿ ಅಂಟಿಸಿತ್ತು: ‘ಬೆರೆಸಿ ಕೊಡಿ. ನಿಧಾನ. ಐದು ನಿಮಿಷ.’ ‘ನಿಧಾನ’ದ ಅಡಿಗೆ ಎರಡು ಗೆರೆ.

ಶೇಖರನ ಜೇಬಿನಲ್ಲಿ ಮಣಿಪಾಲದ ಡಾಕ್ಟರು ಬರೆದ ಎರಡು ಪುಟದ ಪತ್ರ ಇತ್ತು. ಹೆಣ ಕೊಯ್ದು ನೋಡಿದವರು ಅವರೇ. ಮದ್ದು ಸರಿ, ಅಳತೆ ಸರಿ, ಆಂಪೂಲಿನಲ್ಲಿ ದೋಷವಿಲ್ಲ ಎಂದು ಅವರು ಬರೆದಿದ್ದರು. ಹುಣ್ಣಿನಿಂದ ರಕ್ತ ವಾಂತಿ ಮಾಡುತ್ತಿದ್ದವನ ಹೊಟ್ಟೆಯಲ್ಲಿ ಮಾತ್ರೆ ನಿಲ್ಲುವುದಿಲ್ಲ, ಇಂಜೆಕ್ಷನ್ನೇ ಸರಿಯಾದ ದಾರಿ. ಉಳಿದ ಪ್ರಶ್ನೆ ವೇಗದ್ದು ಮಾತ್ರ. ಐದು ನಿಮಿಷಕ್ಕೆ ಕೊಟ್ಟರೆ ಅದು ಸಾಧು ಮದ್ದು. ಅವಸರದಲ್ಲಿ ನೂಕಿದರೆ ಎದೆಬಡಿತ ಕುಸಿಯಬಹುದು. ಗಟ್ಟಿ ಹೃದಯ ತಡೆದುಕೊಂಡೀತು, ಡೆನಿಸ್‌ನದು ಗಟ್ಟಿ ಇರಲಿಲ್ಲ. ಸಾಯುವ ಎರಡು ವಾರ ಮೊದಲು ಮಣಿಪಾಲದಲ್ಲೇ ತೆಗೆದ, ಅಲ್ಲಿನ ದಾಖಲೆಯಲ್ಲಿ ಉಳಿದಿದ್ದ ಇ.ಸಿ.ಜಿ.ಯಲ್ಲಿ ಬಡಿತ ಆಗಲೇ ನಿಧಾನವಾಗಿತ್ತು. ಆ ಕಾಗದ ಆಲ್ಫೋನ್ಸರ ಕೈಗೆ ಬಂದಿರಲಿಲ್ಲ. ಡಾಕ್ಟರಿಗೆ ಕೊಡಿ ಎಂದು ಡೆನಿಸ್‌ನ ಹೆಂಡತಿ ವೆರೊನಿಕಾ ಅದನ್ನು ಗಂಡನ ಅಣ್ಣ ಹೆರಾಲ್ಡ್‌ನ ಕೈಗೆ ಕೊಟ್ಟಿದ್ದಳು. ಕಾರ್ಕಳದಿಂದ ಬರುವಾಗ ಬಸ್ಸಿನಲ್ಲಿ ಕಳೆದುಹೋಯಿತು ಎಂದಿದ್ದ ಹೆರಾಲ್ಡ್. ಹೆರಾಲ್ಡ್‌ಗೆ ಕಾರು ಉಂಟು. ಕಾರು ಆ ದಿನ ಗ್ಯಾರೇಜಿನಲ್ಲಿತ್ತಂತೆ.

“ಮಾಡಿ ತೋರಿಸಿ,” ಎಂದ ಶೇಖರ.

ನಾಲ್ಕನೇ ಮಂಚದ ಮೇಲೆ ಖಾಲಿ ಸಲೈನ್ ಬಾಟಲಿ ಮಲಗಿಸಿದರು. ಡೆನಿಸ್‌ನ ತೋಳಿದ್ದ ಜಾಗ ಅದು. ಗ್ಲ್ಯಾಡಿಸ್ ಕುದಿಸಿದ ಸಿರಿಂಜು ತಂದು ಇಪ್ಪತ್ತು ಸಿ.ಸಿ. ನೀರು ಎಳೆದುಕೊಂಡು, ಸೂಜಿಯನ್ನು ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಚುಚ್ಚಿದಳು. ಬಾಗಿಲಿಗೆ ಬೆನ್ನು ಹಾಕಿ, ಸ್ವಲ್ಪ ಬಾಗಿ, ಕಣ್ಣನ್ನು ಗೆರೆಯ ಮೇಲಿಟ್ಟು ನಿಂತಳು. ಅವತ್ತೂ ಹೀಗೇ ನಿಂತದ್ದು ಎಂದಳು. ಶೇಖರ ತನ್ನ ವಾಚನ್ನು ಬಿಚ್ಚಿ ಕಿಟ್ಟನ ಕೈಗೆ ಕೊಟ್ಟ.

ವೆರೊನಿಕಾ ಕಿಟಕಿಯ ಹತ್ತಿರ ಸ್ಟೂಲಿನಲ್ಲಿ ಕುಳಿತಿದ್ದಳು. ಕಪ್ಪು ಸೀರೆ, ಮಡಿಲಲ್ಲಿ ಕಪ್ಪು ಕೈಚೀಲ. ಅವಳನ್ನು ಕರೆಸಿದ್ದು ಶೇಖರನೇ. ಕರೆತಂದವನು ಹೆರಾಲ್ಡ್. ಒಳಗೆ ಬರಲು ಅವನು ಒಪ್ಪಲಿಲ್ಲ. ತಮ್ಮ ಸತ್ತ ಜಾಗದಲ್ಲಿ ನಾಟಕ ನೋಡಲು ತನ್ನಿಂದಾಗದು, ಪೊಲೀಸರಿಗೆ ಆ ಹುಡುಗಿಯನ್ನು ಒಳಗೆ ಹಾಕುವ ಮನಸ್ಸಿದ್ದರೆ ಹಾಕಲಿ, ಇಲ್ಲವಾದರೆ ಮೇಲಿನವರ ಹತ್ತಿರ ಹೋಗುತ್ತೇನೆ ಎಂದು ಅಂಗಳದಲ್ಲಿ ಕಾರಿನೊಳಗೇ ಕುಳಿತಿದ್ದ. ಒಂಬತ್ತು ದಿನವೂ ಸ್ಟೇಷನ್ನಿಗೆ ಬಂದು ಅವನು ಹೇಳಿದ್ದು ಇದೇ ಮಾತು.

ಗ್ಲ್ಯಾಡಿಸ್ ಶುರು ಮಾಡಿದಳು. ಸ್ವರ ಮೇಲೇಳಲಿಲ್ಲ. ನಮಾನ್ ಮರಿಯೆ ಎಂದು ಎತ್ತಿ, ಅರ್ಧಕ್ಕೆ ಬಂದು, ಸಾಂತ್ ಮರಿಯೆ ಎಂದು ಉಳಿದರ್ಧ ಮುಗಿಸಿ, ಹೆಬ್ಬೆರಳನ್ನು ಒಂದು ಗೆರೆ ಇಳಿಸಿದಳು. ಮತ್ತೆ ನಮಾನ್ ಮರಿಯೆ. ಬಾಟಲಿಯೊಳಗೆ ನೀರು ಎಳೆಯಾಗಿ ಇಳಿಯಿತು. ಹೊರಗೆ ಹೆದ್ದಾರಿಯಲ್ಲಿ ಬಸ್ಸುಗಳು ಹೋದವು. ಹತ್ತನೆಯದಕ್ಕೆ ಶೇಖರನಿಗೆ ಬೇಸರ ಬಂತು. ಹದಿನೈದನೆಯದಕ್ಕೆ, ಇದು ಸರಿಯಾಗಲಿ ಎಂದು ತಾನು ಬಯಸುತ್ತಿದ್ದೇನೆ ಎಂಬುದು ಗೊತ್ತಾಯಿತು. ಪೊಲೀಸನಿಗೆ ಅದು ಒಳ್ಳೆಯದಲ್ಲ. ಇಪ್ಪತ್ತನೆಯದು ಮುಗಿದು ಪಿಸ್ಟನ್ ತಳ ಮುಟ್ಟಿತು.

“ಐದು ನಿಮಿಷ ನಾಲ್ಕು ಸೆಕೆಂಡು,” ಎಂದ ಕಿಟ್ಟ. ಅವನ ಸ್ವರದಲ್ಲಿ ನಗು ಉಳಿದಿರಲಿಲ್ಲ.

ಆಲ್ಫೋನ್ಸ್ ಕನ್ನಡಕ ತೆಗೆದು ಒರೆಸಿಕೊಂಡರು. ಒಂಬತ್ತು ದಿನಗಳಲ್ಲಿ ಮೊದಲ ಸಲ ಗ್ಲ್ಯಾಡಿಸ್‌ಳ ಹೆಗಲು ಸಡಿಲವಾಯಿತು. ಶೇಖರ ಅವಳ ಹಾಜರಿಯ ಪುಸ್ತಕ ನೋಡಿದ್ದ. ಏಳು ವರ್ಷ, ಒಂದೇ ಒಂದು ರಜೆ, ಅದೂ ತಂದೆ ಸತ್ತ ದಿನ. ವೇಗದ ತಪ್ಪು ಅವಳದ್ದಲ್ಲ ಎಂದಾದರೆ ಕೇಸಿಲ್ಲ. ಇದ್ದರೆ ಎರಡು ವರ್ಷದವರೆಗೆ ಜೈಲು, ನರ್ಸ್ ಎಂಬ ನೋಂದಣಿ ರದ್ದು. ಹಾಸಿಗೆ ಹಿಡಿದ ತಾಯಿ, ಓದುವ ತಂಗಿ ಇಬ್ಬರೂ ನಿಂತದ್ದು ಆ ನೋಂದಣಿಯ ಮೇಲೆ.

ಆಗ ಮೂರನೇ ಮಂಚದ ಪರದೆಯ ಹಿಂದಿನಿಂದ ಮುದುಕಿಯೊಬ್ಬಳು ತುಳುವಿನಲ್ಲಿ ಹೇಳಿದಳು.

“ಅವತ್ತು ಹೀಗಲ್ಲ ಮಗಾ.”

ಶೇಖರ ಪರದೆ ಸರಿಸಿದ. ಅಕ್ಕು, ಕಾಪು ಪಡುವಿನ ಮೀನುಗಾರರ ಮನೆಯವಳು. ಸೊಂಟದ ಮೂಳೆ ಮುರಿದು ಒಂದು ತಿಂಗಳಿಂದ ಅದೇ ಮಂಚದಲ್ಲಿ ಮಲಗಿದ್ದಳು. ಅವಳಿಗೆ ಕೊಂಕಣಿ ಬರುವುದಿಲ್ಲವೆಂದು ಮೊದಲ ದಿನ ಅವಳ ಹೇಳಿಕೆಯನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದರು. ಮುಗಿಸಿದವನು ಶೇಖರನೇ.

“ಎಂತ ಹೀಗಲ್ಲ, ಅಮ್ಮ?”

“ಈ ನರ್ಸ್ ಬಾಯಮ್ಮ ಈಗ ಒಬ್ಬಳೇ ಹೇಳಿದಳು. ಅವತ್ತು ಎರಡು ಸ್ವರ. ಇವಳು ಎತ್ತುವುದು, ಇನ್ನೊಬ್ಬ ಹಿಡಿಯುವುದು.”

“ಗಂಡಸೋ ಹೆಂಗಸೋ?”

“ಗಂಡಸು. ಅರ್ಥ ನನಗೆ ಎಂತ ಗೊತ್ತು? ಕಿವಿ ಉಂಟಲ್ಲ. ಕಾಲು ಹೋದದ್ದು, ಕಿವಿ ಹೋಗಲಿಲ್ಲ.”

ಶೇಖರ ಗ್ಲ್ಯಾಡಿಸ್ ಕಡೆ ತಿರುಗಿದ. ಅವಳು ಸಿರಿಂಜನ್ನು ತಟ್ಟೆಗಿಡುತ್ತಿದ್ದಳು. ಗಾಜು ತಟ್ಟೆಗೆ ಎರಡು ಸಲ ತಾಗಿತು.

“ಪೇಶಂಟ್ ಉತ್ತರಿಸಿದರು,” ಎಂದಳು. ಅವನು ಇನ್ನೂ ಏನನ್ನೂ ಕೇಳಿರಲಿಲ್ಲ.

ಡಾಕ್ಟರ್ ಆಲ್ಫೋನ್ಸ್ ನಿಧಾನವಾಗಿ ಕನ್ನಡಕ ಹಾಕಿಕೊಂಡರು. ಶೇಖರನಿಗೆ ವಿಷಯ ಬಿಡಿಸಿ ಹೇಳಿದವರು ಅವರೇ. ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ನಮಾನಿಗೆ ಎರಡು ಭಾಗ. ಒಬ್ಬರೇ ಇದ್ದರೆ ಎರಡನ್ನೂ ತಾವೇ ಹೇಳುತ್ತಾರೆ. ಜತೆಗೆ ಇನ್ನೊಬ್ಬರಿದ್ದರೆ ಮೊದಲರ್ಧ ಒಬ್ಬರದು, ಎರಡನೆಯ ಅರ್ಧ ಇನ್ನೊಬ್ಬರದು. ಮನೆಯ ಸಂಜೆಯ ಜಪದಲ್ಲಿ ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಹಿಡಿಯುತ್ತಾರೆ, ಅವರು ಮುಗಿಸುವ ಮೊದಲೇ ಇವರು ಮುಂದಿನದನ್ನು ಎತ್ತುತ್ತಾರೆ. ಒಲೆಯ ಮೇಲೆ ಗಂಜಿ ಆರುತ್ತಿರುತ್ತದೆ, ಮಕ್ಕಳು ತೂಕಡಿಸುತ್ತಿರುತ್ತಾರೆ. ಓಡುತ್ತದೆ. ಉತ್ತರ ಕಿವಿಗೆ ಬಿದ್ದ ಕೂಡಲೇ ಬಾಯಿ ಅರ್ಧಕ್ಕೆ ನಿಲ್ಲುವುದು ಹುಟ್ಟಿದಲ್ಲಿಂದ ಬಂದ ಅಭ್ಯಾಸ. ಬುದ್ಧಿಗೆ ಅದು ತಿಳಿಯುವುದೇ ಇಲ್ಲ.

ಗೆರೆಗಳು ಇಪ್ಪತ್ತೇ. ಬೆರಳು ಇಪ್ಪತ್ತು ಸಲವೇ ಇಳಿಯಿತು. ಗಡಿಯಾರ ಮಾತ್ರ ಅರ್ಧವಾಯಿತು.

“ನನಗದು ಹೊಳೆಯಲೇ ಇಲ್ಲ,” ಎಂದಳು ಗ್ಲ್ಯಾಡಿಸ್. ಇದು ಸುಳ್ಳಲ್ಲ ಎಂದು ಶೇಖರನಿಗೆ ಅನಿಸಿತು. ಈಗ, ಈ ಕ್ಷಣದಲ್ಲಿ ಹೊಳೆದದ್ದು ಅದು.

ವೆರೊನಿಕಾ ಸ್ಟೂಲಿನಿಂದ ಎದ್ದಳು. “ಯಾರು ಉತ್ತರಿಸಿದರು ಅಂದಿರಿ?”

ಗ್ಲ್ಯಾಡಿಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ನನ್ನ ಗಂಡನಾ?” ಅವಳು ಕೈಚೀಲವನ್ನು ಎರಡೂ ಕೈಯಿಂದ ಹಿಡಿದಿದ್ದಳು. “ಎಂಟು ವರ್ಷವಾಯಿತು ಸರ್ ಅವರು ನಮಾನ್ ಬಿಟ್ಟು. ಅವರು ಬಹರೈನಿನಲ್ಲಿದ್ದಾಗ ಇಲ್ಲಿ ನಮ್ಮ ಮಗು ಹೋಯಿತು. ಮಣ್ಣಿಗೆ ಕೂಡ ಅವರಿಗೆ ಬರಲಿಕ್ಕಾಗಲಿಲ್ಲ. ಅಲ್ಲಿಂದ ಮೇಲೆ ಬಾಯಿ ತೆರೆದವರಲ್ಲ. ಇಗರ್ಜಿಗೆ ನನ್ನನ್ನು ಬಿಟ್ಟು ಹೊರಗೆ ಸಿಗರೇಟು ಸೇದುತ್ತಾ ನಿಲ್ತಿದ್ದರು. ಮನೆಯಲ್ಲಿ ಜಪದ ಹೊತ್ತಿಗೆ ಎದ್ದು ಹೋಗ್ತಿದ್ದರು.”

“ಕಾಯಿಲೆಯಲ್ಲಿ ಮನಸ್ಸು ಬದಲಾಗಿರಬಹುದು,” ಎಂದ ಶೇಖರ. ಹೇಳಬೇಕಾದ ಮಾತು, ಹೇಳಿದ.

“ಬದಲಾಗಿದ್ದರೆ ನನಗೆ ಸಮಾಧಾನ ಆಗ್ತಿತ್ತು. ಆ ದಿನ ಬೆಳಿಗ್ಗೆ ಫಾದರ್ ಬಂದರು. ಇವರು ಗೋಡೆಯ ಕಡೆ ಮುಖ ತಿರುಗಿಸಿದರು.” ಅವಳು ಗ್ಲ್ಯಾಡಿಸ್‌ಳನ್ನು ನೋಡಿದಳು. “ಎಂತಕ್ಕೆ ಸುಳ್ಳು ಹೇಳ್ತೀ, ಗ್ಲ್ಯಾಡಿಸ್ ಬಾಯಿ?”

ಗ್ಲ್ಯಾಡಿಸ್ ತಟ್ಟೆಯನ್ನೇ ನೋಡುತ್ತಿದ್ದಳು.

ಶೇಖರ ಅಕ್ಕುವಿನ ಮಂಚದ ಅಂಚಿನಲ್ಲಿ ಕುಳಿತ. ಆ ಗಂಡಸಿನ ಸ್ವರ ಯಾವ ಕಡೆಯಿಂದ ಬಂತೆಂದು ಕೇಳಿದ. ಅವಳ ಎಡಕ್ಕೆ ನಾಲ್ಕನೇ ಮಂಚ, ಬಲಕ್ಕೆ ಬಾಗಿಲು. ಅಕ್ಕು ಎಡಗೈಯನ್ನು ಎದೆಯ ಮೇಲಿಟ್ಟು ಬಲಗೈ ಎತ್ತಿದಳು.

“ಬಾಗಿಲಿನಿಂದ. ಮಲಗಿದವನ ಸ್ವರ ಅಲ್ಲ ಅದು. ನಿಂತವನ ಸ್ವರ.”

“ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಮ್ಮ?”

“ನೀನು ಕೇಳಿದ್ದು ಎಂತ? ಆ ಮಂಚದ ಕ್ರಿಸ್ತಾನ ಪೊರ್ಬುಗಳು ಕಿರುಚಿದರಾ, ಬಾಯಮ್ಮ ಬೈದಳಾ, ಯಾರಾದರೂ ಜಗಳ ಮಾಡಿದರಾ ಅಂತ. ಯಾರೂ ಮಾಡಲಿಲ್ಲ. ದೇವರ ಹೆಸರು ಹೇಳಿದ್ದನ್ನೂ ಪೊಲೀಸರಿಗೆ ಹೇಳ್ಲಿಕ್ಕುಂಟು ಅಂತ ನನಗೆ ಗೊತ್ತುಂಟಾ?”

ಶೇಖರ ಸಿರಿಂಜಿಗೆ ಮತ್ತೆ ನೀರು ತುಂಬಲು ಹೇಳಿದ. ವೆರೊನಿಕಾಳನ್ನು ಬಾಗಿಲಲ್ಲಿ ನಿಲ್ಲಿಸಿ, ಉತ್ತರ ಹೇಳಲಾಗುತ್ತದೆಯೇ ಎಂದು ಕೇಳಿದ. ಅವಳು ಕೈಚೀಲವನ್ನು ಸ್ಟೂಲಿನ ಮೇಲಿಟ್ಟು, ಹೇಳುತ್ತೇನೆ ಎಂದಳು.

ಈ ಸಲ ನೋಡುವುದು ಕಷ್ಟವಾಯಿತು. ಗಂಡ ಸತ್ತ ಮಂಚದ ಮೇಲಿನ ಬಾಟಲಿಗೆ ಒಬ್ಬಳು ನೀರು ಬಿಡುತ್ತಿದ್ದಳು, ಇನ್ನೊಬ್ಬಳು ಬಾಗಿಲಲ್ಲಿ ನಿಂತು ಉತ್ತರಿಸುತ್ತಿದ್ದಳು. ಇಬ್ಬರೂ ಎಡವಿದರು. ವೆರೊನಿಕಾ ಹಿಡಿಯುವ ಹೊತ್ತಿಗೆ ಗ್ಲ್ಯಾಡಿಸ್ ತಾನೇ ಎರಡನೆಯ ಅರ್ಧಕ್ಕೆ ಕಾಲಿಟ್ಟಿರುತ್ತಿದ್ದಳು. ಒಮ್ಮೆ ಇಬ್ಬರೂ ನಿಂತರು, ಒಮ್ಮೆ ಇಬ್ಬರೂ ಒಟ್ಟಿಗೆ ಎತ್ತಿದರು. ಹನ್ನೆರಡನೆಯದಕ್ಕೆ ವೆರೊನಿಕಾಳ ಸ್ವರ ಒಡೆಯಿತು. ಆದರೂ ಬಿಡಲಿಲ್ಲ. ಪೂರ್ತಿ ಮಾಡಿದಳು.

ಮೂರು ನಿಮಿಷ ನಲವತ್ತು ಸೆಕೆಂಡು.

“ಇದೂ ಅಲ್ಲ,” ಎಂದಳು ಅಕ್ಕು. ಈಗ ಅವಳ ಸ್ವರ ತಗ್ಗಿತ್ತು. “ಇದು ಹೊಸಬರು ಬಲೆಗೆ ಕೈ ಹಾಕಿದ ಹಾಗೆ. ಅವತ್ತಿನದ್ದು ಬೇರೆ. ರಂಪಣಿ ಬಲೆ ಎಳೆಯುವಾಗ ಒಂದೇ ಹಗ್ಗ ಹಿಡಿದು ಹತ್ತು ವರ್ಷ ಎಳೆದವರು ಇರ್ತಾರಲ್ಲ, ಒಬ್ಬ ಓ ಅಂದರೆ ಇನ್ನೊಬ್ಬನ ಕೈ ತನ್ನಷ್ಟಕ್ಕೆ ಹಿಂದೆ ಬರ್ತದೆ. ಹಾಗೆ.”

ಅವಳು ಮಂಚದ ಕಬ್ಬಿಣದ ಸರಳಿನ ಮೇಲೆ ಅಂಗೈಯಿಂದ ಬಡಿದು ತೋರಿಸಿದಳು. ಎತ್ತುವುದು, ಹಿಡಿಯುವುದು, ಎತ್ತುವುದು, ಹಿಡಿಯುವುದು. ಶೇಖರ ಕಣ್ಸನ್ನೆ ಮಾಡಿದ. ಕಿಟ್ಟ ವಾಚು ನೋಡಿದ. ಇಪ್ಪತ್ತು ಜೊತೆ ಬಡಿತಕ್ಕೆ ಒಂದು ನಿಮಿಷ ಐವತ್ತು ಸೆಕೆಂಡು.

ಡಾಕ್ಟರ್ ಆಲ್ಫೋನ್ಸ್ ಖಾಲಿ ಮಂಚದ ಮೇಲೆ ಕುಳಿತುಬಿಟ್ಟರು. ಆ ಹೃದಯಕ್ಕೆ ಅಷ್ಟು ಸಾಕಾಗಿತ್ತು ಎಂದರು. ಎರಡು ವಾರ ಮೊದಲು ಆ ಇ.ಸಿ.ಜಿ. ಕಾಗದ ತನ್ನ ಕೈಗೆ ಬಂದಿದ್ದರೆ ಈ ಇಂಜೆಕ್ಷನನ್ನು ಇಲ್ಲಿ ಕೊಡುತ್ತಲೇ ಇರಲಿಲ್ಲ, ಮಣಿಪಾಲಕ್ಕೆ ಕಳಿಸುತ್ತಿದ್ದೆ ಎಂದೂ ಹೇಳಿದರು. ಅದನ್ನು ಅವರು ಎರಡು ಸಲ ಹೇಳಿದರು.

ಶೇಖರ ಗ್ಲ್ಯಾಡಿಸ್‌ಳನ್ನು ಹಿಂದಿನ ಜಗಲಿಗೆ ಕರೆದುಕೊಂಡು ಹೋದ. ಅಲ್ಲಿ ಸ್ಟವ್ ಮೇಲೆ ಸಿರಿಂಜುಗಳ ಪಾತ್ರೆ ಕುದಿಯುತ್ತಿತ್ತು. ದೂರದಲ್ಲಿ ದೀಪಸ್ತಂಭ ಕಾಣುತ್ತಿತ್ತು. ಹಗಲಿಗೆ ಅದು ಯಾರಿಗೂ ಬೇಡದ ಕಲ್ಲುಕಂಬ.

“ಈ ನಮಾನಿನ ಲೆಕ್ಕ ಯಾರಿಗೆಲ್ಲ ಗೊತ್ತು?”

“ಡಾಕ್ಟರಿಗೆ. ಮತ್ತೆ ಮನೆಯಲ್ಲಿ. ಮನೆಯಲ್ಲಿ ಅದು ತಮಾಷೆ. ನಮ್ಮ ಗ್ಲ್ಯಾಡಿಸ್ ಸೂಜಿಗೂ ಜಪ ಕಲಿಸಿದ್ದಾಳೆ ಅಂತ.”

“ಯಾರು ಹಾಗೆ ಹೇಳ್ತಿದ್ದದ್ದು?”

ಅವಳು ಸ್ಟವ್ವಿನ ಬೆಂಕಿ ತಗ್ಗಿಸಿದಳು. ತಗ್ಗಿಸುವಷ್ಟು ಅದು ಎತ್ತರವಿರಲಿಲ್ಲ.

ಮನೆಯಲ್ಲಿ ಯಾರ್ಯಾರು ಎಂಬುದು ಶೇಖರನ ಡೈರಿಯಲ್ಲಿತ್ತು. ತಂದೆ ಇಲ್ಲ. ತಾಯಿಗೆ ಪಾರ್ಶ್ವವಾಯು, ಮಾತು ಹೋಗಿ ಮೂರು ವರ್ಷ. ಝೀಟಾ ಮಂಗಳೂರಿನ ಹಾಸ್ಟೆಲಿನಲ್ಲಿ. ಇನ್ನುಳಿದವನು ತಮ್ಮ, ಮ್ಯಾಕ್ಸಿಮ್. ಅವನ ಹೆಸರಿನ ಮುಂದೆ ಮೊದಲ ದಿನವೇ ‘ಕಾರ್ಕಳದಲ್ಲಿ ಕೆಲಸ’ ಎಂದು ಬರೆದು ಬಿಟ್ಟಿದ್ದ. ಎಲ್ಲಿ ಕೆಲಸ ಎಂಬುದನ್ನು ನೋಡಲು ಬುದ್ಧಿ ಬಂದದ್ದು ನಿನ್ನೆ. ಹೆರಾಲ್ಡ್ ನಡೆಸುವ ಕಲ್ಲುಕೋರೆಯಲ್ಲಿ ಅವನು ಲಾರಿಗಳ ಲೆಕ್ಕ ಬರೆದುಕೊಳ್ಳುವ ಗುಮಾಸ್ತ. ಮನೆಯ ತಮಾಷೆ ಅಲ್ಲಿಗೂ ಹೋಗಿರಬೇಕು. ಕೋರೆ ಇದ್ದದ್ದು ಡೆನಿಸ್‌ನ ಹೆಸರಿನಲ್ಲಿ. ಗಲ್ಫ್ ಬಿಟ್ಟು ಬಂದ ಡೆನಿಸ್, ಇನ್ನು ಮೇಲೆ ತಾನೇ ನೋಡಿಕೊಳ್ಳುತ್ತೇನೆ ಎಂದು ಅಣ್ಣನಿಗೆ ಹೇಳಿ ಒಂದು ತಿಂಗಳಾಗಿತ್ತು.

“ಬೆಳಿಗ್ಗೆ ಕಾರ್ಕಳದಿಂದ ಫೋನ್ ಬಂತು,” ಎಂದ ಶೇಖರ. “ಡೆನಿಸ್ ಸತ್ತ ದಿನ ಮ್ಯಾಕ್ಸಿಮ್ ಕೋರೆಗೆ ಹೋಗಲಿಲ್ಲ. ಮಾರನೇ ದಿನ ಸಂಜೆಯ ಬಸ್ಸಿಗೆ ಬೊಂಬಾಯಿಗೆ ಹೋದ. ವೀಸಾ ಮಾಡಿಸಿದ್ದು ಹೆರಾಲ್ಡ್. ಇವತ್ತು ಸಂಜೆ ಐದು ಗಂಟೆಗೆ ಮಸ್ಕತ್ ವಿಮಾನ. ಈಗ ನಾಲ್ಕು ಗಂಟೆಗೆ ಇಪ್ಪತ್ತು ನಿಮಿಷ ಉಂಟು. ನೀವು ಹೆಸರು ಹೇಳಿದರೆ ನಾನು ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿ ಅವನನ್ನು ಇಳಿಸಿಕೊಳ್ತೇನೆ. ಹೇಳದಿದ್ದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಬ್ಬ ಮುದುಕಿಯ ಕಿವಿ ಬಿಟ್ಟರೆ ನನ್ನ ಹತ್ತಿರ ಎಂತದೂ ಇಲ್ಲ. ಎರಡು ನಿಮಿಷದಲ್ಲಿ ಮದ್ದು ನೂಕಿದವರು ನೀವೊಬ್ಬರೇ ಆಗ್ತೀರಿ.”

“ಹೇಳಿದರೆ ಅವನಿಗೆ ಎಂತ ಆಗ್ತದೆ?”

ಶೇಖರ ಸುಳ್ಳು ಹೇಳಬಹುದಿತ್ತು. “ಗೊತ್ತಿದ್ದು ಮಾಡಿದ್ದರೆ ಕೊಲೆ.”

“ಗೊತ್ತಿಲ್ಲದೆ ಮಾಡಿದ್ದರೆ?”

“ಅದನ್ನು ಅವನೇ ಹೇಳಬೇಕು. ಅದಕ್ಕೆ ಅವನು ಇಲ್ಲಿ ಇರಬೇಕು.”

ಅವಳು ಯೋಚಿಸಿದಳು. ಶೇಖರ ಎಷ್ಟೋ ಜನ ಯೋಚಿಸುವುದನ್ನು ನೋಡಿದ್ದ. ಹೆಚ್ಚಿನವರು ತಮ್ಮನ್ನು ಉಳಿಸಿಕೊಳ್ಳುವ ದಾರಿಯನ್ನು ಯೋಚಿಸುತ್ತಾರೆ, ಅದು ಕಣ್ಣಿನಲ್ಲಿ ಗೊತ್ತಾಗುತ್ತದೆ. ಇವಳ ಕಣ್ಣು ಬಟ್ಟೆ ಒಣಗಿಸುವ ತಂತಿಯ ಮೇಲಿತ್ತು.

“ಯಾರೂ ಉತ್ತರಿಸಲಿಲ್ಲ,” ಎಂದಳು. “ನಾನೇ ಬೇಗ ಹೇಳಿದೆ. ಅವತ್ತು ಕೆಲಸ ಜಾಸ್ತಿ ಇತ್ತು.”

“ಸಿಸ್ಟರ್, ಈಗಷ್ಟೇ ಪೇಶಂಟ್ ಉತ್ತರಿಸಿದರು ಅಂದಿರಿ.”

“ತಪ್ಪಿ ಹೇಳಿದೆ.”

ಅವನು ಕೋಪ ಮಾಡಿಕೊಳ್ಳಲು ನೋಡಿದ, ಬರಲಿಲ್ಲ. ನಿಮ್ಮ ತಾಯಿಯನ್ನು ನೋಡಿಕೊಳ್ಳುವವರು ಯಾರು, ತಂಗಿಯ ಫೀಸು ಕಟ್ಟುವವರು ಯಾರು ಎಂದು ಕೇಳಿದ. ಮಸ್ಕತ್‌ನಿಂದ ತಮ್ಮ ಕಳಿಸುತ್ತಾನೆ ಎಂದಳು. ಅದನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದಳು. ಮನೆಯಲ್ಲಿ ಒಬ್ಬರು ದುಡಿಯಬೇಕು, ಅದು ಅವನಾಗಲಿ. ಜೈಲಿಗೆ ಒಬ್ಬರು ಹೋಗಬೇಕು, ಅದು ತಾನಾಗಲಿ. ತನಗೆ ಎರಡು ವರ್ಷ, ಅವನಿಗಾದರೆ ಎಷ್ಟೆಂದು ಹೇಳಲಾಗದು.

ಅವಳು ಒಳಗೆ ಹೋಗಿ ಡಾಕ್ಟರರ ಮೇಜಿನಿಂದ ಬಿಳಿ ಹಾಳೆ ತೆಗೆದುಕೊಂಡಳು. ನಿಂತೇ ಬರೆದಳು. ನಾಲ್ಕು ಸಾಲು. ಐದು ನಿಮಿಷದ ಇಂಜೆಕ್ಷನನ್ನು ಎರಡು ನಿಮಿಷಕ್ಕೆ ಕೊಟ್ಟೆ, ಜತೆಯಲ್ಲಿ ಯಾರೂ ಇರಲಿಲ್ಲ, ತಪ್ಪು ನನ್ನದು, ಕೆಲಸ ಬಿಡುತ್ತಿದ್ದೇನೆ. ಅಡಿಗೆ ಸಹಿ, ತಾರೀಕು. ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಡಾಕ್ಟರಿಗೆ ಕೈಯಾರೆ ಬರೆದುಕೊಟ್ಟದ್ದು ನಿಲ್ಲುತ್ತದೆ. ಇದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಶೇಖರನಿಗೆ ಗೊತ್ತಿತ್ತು. ಆಲ್ಫೋನ್ಸ್ ಕಾಗದ ಹಿಡಿದ ಕೈಯನ್ನು ಚಾಚಿದಂತೆಯೇ ನಿಂತರು, ಯಾರಾದರೂ ಅದನ್ನು ವಾಪಸು ತೆಗೆದುಕೊಂಡಾರು ಎಂಬಂತೆ.

ವೆರೊನಿಕಾ ಎಲ್ಲವನ್ನೂ ಕಿಟಕಿಯ ಬಳಿಯಿಂದ ನೋಡುತ್ತಿದ್ದಳು. ಅವಳು ಹತ್ತಿರ ಬಂದು ಕೊಂಕಣಿಯಲ್ಲಿ ಏನನ್ನೋ ಕೇಳಿದಳು. ಗ್ಲ್ಯಾಡಿಸ್ ತಲೆ ಅಲ್ಲಾಡಿಸಿದಳು. ಆಮೇಲೆ ತಲೆಯ ಬಿಳಿ ಟೋಪಿಯ ಪಿನ್ನುಗಳನ್ನು ಒಂದೊಂದಾಗಿ ತೆಗೆಯುತ್ತಾ, ಶೇಖರನ ಕಡೆ ತಿರುಗದೆ, ಬೇರೆ ಯಾರದೋ ವಿಷಯ ಎಂಬ ಹಾಗೆ ಕೇಳಿದಳು.

“ಸರ್, ಒಬ್ಬ ಯಜಮಾನ ಉಂಟು ಅಂತ ಇಟ್ಟುಕೊಳ್ಳಿ. ನನ್ನ ತಮ್ಮ ದೇವರನ್ನು ಬಿಟ್ಟಿದ್ದಾನೆ, ಮದ್ದು ಕೊಡುವ ಹೊತ್ತಿಗೆ ನೀನು ಹೋಗಿ ಬಾಗಿಲಲ್ಲಿ ನಿಂತು ನಿನ್ನ ಅಕ್ಕನ ಜತೆ ಅವನಿಗೋಸ್ಕರ ನಮಾನ್ ಹೇಳು, ಮನೆಯಲ್ಲಿ ಹೇಳುವ ಹಾಗೆ ಹೇಳು ಅಂತ ಕಳಿಸಿದರೆ, ಹೋದವನದ್ದು ತಪ್ಪಾ?”

ಅವಳಿಗೂ ತಾನು ಹೇಳಿದ್ದು ಏನೆಂದು ಆಗ ಕೇಳಿಸಿತು. ಪಿನ್ನು ಹಿಡಿದ ಕೈ ಕಿವಿಯ ಹತ್ತಿರವೇ ನಿಂತಿತು.

“ಮನೆಯಲ್ಲಿ ಹೇಳುವ ಹಾಗೆ,” ಎಂದ ಶೇಖರ. “ಹಾಗೆ ಹೇಳಿದನಾ ಹೆರಾಲ್ಡ್?”

“ನಾನು ಯಾರ ಹೆಸರೂ ಹೇಳಲಿಲ್ಲ.”

ಉಳಿದ ಪಿನ್ನುಗಳನ್ನೂ ತೆಗೆದು ಅವಳು ಟೋಪಿಯನ್ನು ಮೇಜಿನ ಮೇಲಿಟ್ಟಳು. ಮಾತಾಡಿದವಳು ವೆರೊನಿಕಾ. ಸ್ವರ ಏರಿಸದೆ, ಬಹಳ ನಿಧಾನವಾಗಿ ಹೇಳಿದಳು: ಆ ದಿನ ಹತ್ತೂವರೆಗೆ, ಇಂಜೆಕ್ಷನಿಗೆ ಸ್ವಲ್ಪ ಮೊದಲು, ತಾನು ಗಂಡನ ಪಕ್ಕದಲ್ಲೇ ಕುಳಿತಿದ್ದೆ. ಗಂಜಿ ತರಲೆಂದು ತನ್ನನ್ನು ಹೊರಗೆ ಕಳಿಸಿದ್ದು ಭಾವ ಹೆರಾಲ್ಡ್. ಗಂಜಿ ಅವತ್ತು ಡೆನಿಸ್ ಕುಡಿಯುವಂತಿರಲಿಲ್ಲ, ಬಾಯಿಗೆ ನೀರು ಕೂಡ ಹಾಕಬಾರದೆಂದು ಡಾಕ್ಟರ್ ಹೇಳಿದ್ದರು. ಅದು ತನಗೆ ನೆನಪಾದದ್ದು ಅಂಗಡಿ ಬೀದಿ ತಲುಪಿದ ಮೇಲೆ.

ಶೇಖರ ಕಿಟ್ಟನನ್ನು ಫೋನಿನ ಕೋಣೆಗೆ ಓಡಿಸಿದ. ಬೊಂಬಾಯಿ, ವಿಮಾನ ನಿಲ್ದಾಣದ ಪೊಲೀಸರು, ಅರ್ಜೆಂಟ್ ಕಾಲ್. ತಾನು ಅಂಗಳಕ್ಕೆ ಇಳಿದ.

ಅಂಗಳದಲ್ಲಿ ಕಾರು ಇರಲಿಲ್ಲ. ಸಾಹೇಬರು ಕಿಟಕಿಯ ಕೆಳಗೆ ನಿಂತು ಮುದುಕಿಯ ಮಾತು ಕೇಳಿದರು, ಆಮೇಲೆ ಬೇಗ ಹೊರಟರು ಎಂದ ಗೇಟಿನವನು. ಯಾವ ಕಡೆ ಎಂದರೆ ಉಡುಪಿ ಕಡೆ ಎಂದ. ಮತ್ತೆ ಯೋಚಿಸಿ ಮಂಗಳೂರು ಕಡೆಯೂ ಇರಬಹುದು ಎಂದ.

ಶೇಖರ ಒಳಗೆ ಬಂದಾಗ ಕಿಟ್ಟ ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದ. ನಾಲ್ಕು ಹತ್ತಕ್ಕೆ ಕಾಲ್ ಬುಕ್ ಆಗಿತ್ತು. ಲೈನ್ ಬಿಜಿ ಎನ್ನುತ್ತಿದ್ದಳು ಆಪರೇಟರ್. ನಾಲ್ಕೂವರೆಗೆ ಮಂಗಳೂರಿನವರೆಗೆ ಸಿಕ್ಕಿ ಕಡಿಯಿತು. ಮತ್ತೆ ಬುಕ್ ಮಾಡಿದರು. ಗ್ಲ್ಯಾಡಿಸ್ ವಾರ್ಡಿನ ಬೆಂಚಿನಲ್ಲಿ ಕುಳಿತಿದ್ದಳು, ಪಕ್ಕದಲ್ಲಿ ವೆರೊನಿಕಾ. ಇಬ್ಬರ ನಡುವೆ ಒಂದು ಮೊಳ ಜಾಗ ಇತ್ತು. ಫೋನ್ ಸಿಗಲಿ ಎಂದು ಒಬ್ಬಳು ಬಯಸುತ್ತಿದ್ದಳು, ಸಿಗದಿರಲಿ ಎಂದು ಇನ್ನೊಬ್ಬಳು.

ಒಬ್ಬ ಸತ್ತಿದ್ದ. ಒಬ್ಬಳ ಏಳು ವರ್ಷದ ಕೆಲಸ ಹೋಗಿತ್ತು. ವಿಮಾನಕ್ಕೆ ಉಳಿದಿದ್ದ ಐವತ್ತು ನಿಮಿಷಗಳಲ್ಲಿ ಮೂವತ್ತೆಂಟು ಹೋಗಿದ್ದವು.